ಬೆಂಗಳೂರು ಗ್ರಾಮಾಂತರ: ಮತಗಟ್ಟೆ ಕಾವಲು, ಮತದಾರರ ಮೇಲಿನ ಒತ್ತಡ ಮತ್ತು ಕಳ್ಳ ಓಟಿನ ಭಯ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವಿಧಾನಸಭಾ ಕ್ಷೇತ್ರಗಳೂ ನಾಲ್ಕೇ. ಅವುಗಳಲ್ಲಿ ದೇವನಹಳ್ಳಿ ಮತ್ತು ನೆಲಮಂಗಲ ಪರಿಶಿಷ್ಟ ಜಾತಿಗೆ ಮೀಸಲು. ಹೊಸಬರನ್ನು ಗೊಂದಲಕ್ಕೆ ಕೆಡವುವ ಸಂಗತಿಯೊಂದಿದೆ: 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಈ ನಾಲ್ಕೂ ಕ್ಷೇತ್ರಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಬೆಂಗಳೂರು ಗ್ರಾಮಾಂತರ ಎಂಬ ಹೆಸರಿನ ಲೋಕಸಭಾ ಕ್ಷೇತ್ರದಲ್ಲಿ ಈ ಜಿಲ್ಲೆಯ ಒಂದು ತಾಲ್ಲೂಕೂ ಇಲ್ಲ. ಚುನಾವಣಾ ಅಕ್ರಮದ ಸುದ್ದಿ ಓದುವಾಗ ಇದನ್ನು ನೆನಪಿಟ್ಟುಕೊಳ್ಳದಿದ್ದರೆ ಒಂದೂರಿನ ಆರೋಪ ಇನ್ನೊಂದೂರಿನ ತಲೆಗೆ ಕಟ್ಟಿದಂತಾಗುತ್ತದೆ.

ಇಲ್ಲಿನ ಮತಗಟ್ಟೆ ಕಾವಲಿನ ಕಥೆ ರಾಜ್ಯದ ಮತ್ತು ದೇಶದ ಕಥೆಯ ಜೊತೆಗೇ ಹೆಣೆದುಕೊಂಡಿದೆ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಹುಟ್ಟಿತ್ತಾದರೂ ಅದರ ಮತದಾರರು ಆಸ್ತಿ, ಕಂದಾಯ, ವಿದ್ಯೆ ಉಳ್ಳ ಕೆಲವರು ಮಾತ್ರ. ಹಳ್ಳಿಯ ಎಲ್ಲ ವಯಸ್ಕರೂ ಸಾಲಿನಲ್ಲಿ ನಿಂತದ್ದು 1951-52ರ ಮಹಾಚುನಾವಣೆಯಲ್ಲಿ. ಆಗ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಮತಪೆಟ್ಟಿಗೆ. ಮತದಾರ ಚೀಟಿಯ ಮೇಲೆ ಗುರುತು ಹಾಕಬೇಕಿರಲಿಲ್ಲ, ಮರೆಯೊಳಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬಂದರಾಯಿತು. ಅಕ್ಷರ ಬಾರದವರಿಗೆ ಅನುಕೂಲವಾಗಲೆಂದು ಮಾಡಿದ ಈ ಏರ್ಪಾಡಿನಲ್ಲೇ ಒಂದು ಕಳ್ಳಗಂಡಿಯಿತ್ತು. ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲಿ ಇಟ್ಟುಕೊಂಡು ಹೊರಬಂದು ಮಾರಿಕೊಳ್ಳಬಹುದಿತ್ತು. ಕೊಂಡವನು ನಾಲ್ಕಾರು ಚೀಟಿಗಳನ್ನು ಒಟ್ಟಿಗೆ ಹಾಕಬಹುದಿತ್ತು. ಗುರುತು ಹಾಕುವ ಒಂದೇ ಮತಪತ್ರ, ಎಲ್ಲರಿಗೂ ಒಂದೇ ಪೆಟ್ಟಿಗೆ ಎಂಬ ಪದ್ಧತಿ 1960ರ ದಶಕದ ಆರಂಭದಲ್ಲಿ ಬಂತು.

ಅದೇ ಹೊತ್ತಿಗೆ ಒಬ್ಬನೇ ಎರಡು ಬಾರಿ ಓಟು ಹಾಕದಂತೆ ತಡೆಯಲು ಮೈಸೂರಿನಿಂದಲೇ ಒಂದು ಸಾಧನ ಹೊರಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಅರಗಿನ ಕಾರ್ಖಾನೆಯಾಗಿ ಶುರುವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ ತಯಾರಿಸಿದ ಅಳಿಸಲಾಗದ ಶಾಯಿ 1962ರ ಮಹಾಚುನಾವಣೆಯಿಂದ ಬಳಕೆಗೆ ಬಂತು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದೊಡನೆ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ದೇಶದ ಲೋಕಸಭಾ, ವಿಧಾನಸಭಾ ಚುನಾವಣೆಗಳಿಗೆಲ್ಲ ಶಾಯಿ ಹೋಗುವುದು ಇಂದಿಗೂ ಮೈಸೂರಿನಿಂದಲೇ.

ಮತಗಟ್ಟೆಯನ್ನೇ ವಶಪಡಿಸಿಕೊಂಡು ಓಟು ಒತ್ತುವ ಪಿಡುಗು ಮೊದಲು ದಾಖಲಾದದ್ದು 1957ರಲ್ಲಿ, ಬಿಹಾರದ ಬೇಗುಸರಾಯ್ ಕಡೆ. ಮುಂದೆ ಅದು ಎಷ್ಟು ಹಬ್ಬಿತೆಂದರೆ ಸಂಸತ್ತು ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು 1989ರಲ್ಲಿ ಮತಗಟ್ಟೆ ವಶವನ್ನು ಪ್ರತ್ಯೇಕ ಅಪರಾಧವನ್ನಾಗಿಸಿತು. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಭಾವಚಿತ್ರವಿರುವ ಗುರುತಿನ ಚೀಟಿ ಬಂತು. ಕರ್ನಾಟಕದ ಹಳ್ಳಿಗಳಲ್ಲಿ ಒತ್ತಡಕ್ಕೆ ಬಂದೂಕು ಬೇಕಾದದ್ದು ಕಡಿಮೆ. ಜಮೀನು, ಸಾಲ, ಕೂಲಿ, ನೀರಿನ ಸರದಿ, ಜಾತಿಯ ಪಂಚಾಯ್ತಿ, ಇವೇ ಸಾಕಾಗುತ್ತಿದ್ದವು. ದಲಿತ ಕೇರಿಯ ಓಟು ಯಾರಿಗೆಂದು ಊರಿನ ಯಜಮಾನಿಕೆ ತೀರ್ಮಾನಿಸುವ ರೂಢಿ ಎಷ್ಟು ಬೇರೂರಿತ್ತೆಂಬುದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆಯೇ ಸಾಕ್ಷಿ: ಪರಿಶಿಷ್ಟರನ್ನು ಇಂಥವರಿಗೇ ಓಟು ಹಾಕು ಅಥವಾ ಹಾಕಬೇಡ ಎಂದು ಹೆದರಿಸುವುದು ಅದರಲ್ಲಿ ಹೆಸರಿಸಿ ಹೇಳಿದ ಅಪರಾಧ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗಳೆಲ್ಲರೂ ಪರಿಶಿಷ್ಟರೇ ಆಗಿದ್ದರೂ ಈ ಒತ್ತಡ ತಾನಾಗಿ ಕರಗುವುದಿಲ್ಲ; ಯಾರ ಮಾತಿನ ಅಭ್ಯರ್ಥಿ ಗೆಲ್ಲಬೇಕು ಎಂಬ ರೂಪಕ್ಕೆ ತಿರುಗುತ್ತದೆ.

ಇನ್ನು ದುಡ್ಡು. ಕುಕ್ಕರ್, ಸೀರೆ, ಕೂಪನ್, ಬಾಡೂಟ ಎಲ್ಲವೂ ಈ ಭಾಗದವರಿಗೆ ಗೊತ್ತಿರುವ ಹೆಸರುಗಳೇ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಾದ್ಯಂತ ವಶಪಡಿಸಿಕೊಂಡ ನಗದು, ಮದ್ಯ, ಉಡುಗೊರೆಗಳ ಮೌಲ್ಯ 375 ಕೋಟಿ ರೂಪಾಯಿ ದಾಟಿತ್ತು. ಕೊಟ್ಟ ದುಡ್ಡಿಗೆ ಓಟು ಬಿದ್ದೀತೆಂಬ ಖಾತರಿಗಾಗಿ ದೇವರ ಮುಂದೆ ಆಣೆ ಮಾಡಿಸಿಕೊಳ್ಳುವುದುಂಟು. ಇದು ಆಮಿಷವೋ ಬೆದರಿಕೆಯೋ? ಪ್ರಜಾಪ್ರತಿನಿಧಿ ಕಾಯ್ದೆ ಆಗಲೇ ಇದಕ್ಕೆ ಉತ್ತರ ಹೇಳಿದೆ. ದೈವದ ಅವಕೃಪೆಗೆ ಗುರಿಯಾಗುವೆ ಎಂದು ಮತದಾರನನ್ನು ನಂಬಿಸುವುದು 123ನೇ ಕಲಮಿನ ಪ್ರಕಾರ ಅನುಚಿತ ಪ್ರಭಾವ, ಭ್ರಷ್ಟ ಆಚರಣೆ.

ಮತಪತ್ರ ಹೋಗಿ ವಿದ್ಯುನ್ಮಾನ ಮತಯಂತ್ರ ಬಂದದ್ದೂ ಭಯದ ಜಾಗವನ್ನು ಬದಲಿಸಿತು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ನಡೆಯಿತು. ಕಾನೂನಿನ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಅದನ್ನು ತಳ್ಳಿಹಾಕಿತು. ತಿದ್ದುಪಡಿಯ ನಂತರ ಯಂತ್ರ ಮರಳಿತು. ಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್. 1999ರಲ್ಲಿ ಬೆಂಗಳೂರು ಉತ್ತರದಿಂದ ಸೋತ ಮೈಕೆಲ್ ಫರ್ನಾಂಡಿಸ್ ಅವರು ಸಿ.ಕೆ. ಜಾಫರ್ ಷರೀಫ್ ಅವರ ಗೆಲುವನ್ನು ಪ್ರಶ್ನಿಸುತ್ತಾ ಯಂತ್ರದ ವಿಶ್ವಾಸಾರ್ಹತೆಯನ್ನೂ ಪ್ರಶ್ನಿಸಿದ್ದರು. ಕರ್ನಾಟಕ ಹೈಕೋರ್ಟ್ 2004ರಲ್ಲಿ ಯಂತ್ರದ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಇಡೀ ದೇಶ ಯಂತ್ರದಲ್ಲೇ ಓಟು ಹಾಕಿತು. ಗುಂಡಿ ಒತ್ತುವ ವೇಗಕ್ಕೆ ಯಂತ್ರದೊಳಗೇ ಮಿತಿ ಇರುವುದರಿಂದ, ಗುಂಪು ನುಗ್ಗಿ ಹತ್ತು ನಿಮಿಷದಲ್ಲಿ ಪೆಟ್ಟಿಗೆ ತುಂಬಿಸುವ ಹಳೆಯ ವಿದ್ಯೆ ನಡೆಯದಾಯಿತು.

ಯಂತ್ರ ಒಂದು ರಕ್ಷಣೆಯನ್ನು ಕಿತ್ತುಕೊಂಡಿತು ಎಂಬುದು ಮಾತ್ರ ಅಷ್ಟಾಗಿ ಚರ್ಚೆಯಾಗಿಲ್ಲ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಹಾಗೆ ಬೆರೆಸಿದಲ್ಲಿ ಯಾವ ಊರು ಯಾರಿಗೆ ಹಾಕಿತೆಂದು ತಿಳಿಯುತ್ತಿರಲಿಲ್ಲ. ಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬಿಡಿಯಾಗಿ ಹೊರಬೀಳುತ್ತದೆ. 800 ಓಟಿನ ಹಳ್ಳಿಯಲ್ಲಿ ಇದು ಹೆಚ್ಚುಕಡಿಮೆ ಬೀದಿವಾರು ಲೆಕ್ಕವೇ. ನಿಮ್ಮ ಬೂತ್‌ನಲ್ಲಿ ನಮಗೆ ಲೀಡ್ ಬರಲಿಲ್ಲ, ರಸ್ತೆ ಯಾಕೆ ಕೇಳ್ತೀರಿ ಎಂದು ಗೆದ್ದವರು ಗದರಲು ಬೇಕಾದ ಕಾಗದ ಸರ್ಕಾರದಿಂದಲೇ ಸಿಗುತ್ತದೆ. ಹಲವು ಯಂತ್ರಗಳ ಮತ ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. ಅದು ಜಾರಿಯಾಗಿಲ್ಲ. ಯಂತ್ರ ತಿರುಚುತ್ತಾರೆಂಬ ಗದ್ದಲದ ನಡುವೆ ಈ ನಿಜವಾದ ಭಯ ಮರೆಗೆ ಸರಿದಿದೆ.

ಮತಗಟ್ಟೆಯೊಳಗಿನ ಕಾವಲು ಅಭ್ಯರ್ಥಿಗಳ ಏಜೆಂಟರದು. ನಮೂನೆ 10ರಲ್ಲಿ ನೇಮಕದ ಸಹಿ ಹಾಕಿಸಿಕೊಂಡು ನಸುಕಿನಲ್ಲೇ ಶಾಲೆಯ ಕೊಠಡಿಗೆ ಬರುವ ಇವರ ಮೊದಲ ಕೆಲಸ ಅಣಕು ಮತದಾನ. ಕನಿಷ್ಠ 50 ಓಟು ಒತ್ತಿ, ಯಂತ್ರದ ಲೆಕ್ಕವನ್ನು, ಓಟು ಯಾರಿಗೆ ಬಿತ್ತೆಂದು ಅಚ್ಚಾಗಿ ತೋರಿಸುವ ವಿವಿಪ್ಯಾಟ್ ಚೀಟಿಗಳೊಂದಿಗೆ ತಾಳೆ ಹಾಕಿ, ಯಂತ್ರವನ್ನು ಸೊನ್ನೆಗೆ ತಂದು, ಚೀಟಿಗಳನ್ನು ಕಪ್ಪು ಲಕೋಟೆಗೆ ತುಂಬಿ, ಮೊಹರು ಮಾಡಿ ಸಹಿ ಹಾಕುತ್ತಾರೆ. ಆಮೇಲೆ ದಿನವಿಡೀ ಕೈಯಲ್ಲಿ ಪಟ್ಟಿ, ಪೆನ್ನು. ಮತಗಟ್ಟೆಯ ಅಧಿಕಾರಿಯೊಬ್ಬರು ಹೆಸರು ಓದುತ್ತಾರೆ, ಬಂದವರ ಮುಖ ನೋಡಿ ಏಜೆಂಟ್ ಗೆರೆ ಎಳೆಯುತ್ತಾನೆ. ಸತ್ತವರ, ಊರು ಬಿಟ್ಟವರ ಹೆಸರಿನ ಮೇಲೆ ಅವನ ಕಣ್ಣು. ಅನುಮಾನ ಬಂದರೆ 2 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ಮತಗಟ್ಟೆ ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸಬೇಕು. ತನ್ನ ಓಟನ್ನು ಇನ್ಯಾರೋ ಹಾಕಿಹೋಗಿದ್ದರೆ ನಿಜವಾದ ಮತದಾರನಿಗೆ ಟೆಂಡರ್ಡ್ ಮತದ ಪತ್ರ ಸಿಗುತ್ತದೆ. ಕೊನೆಗೆ, ಒಟ್ಟು ಎಷ್ಟು ಓಟು ಬಿತ್ತೆಂಬ ನಮೂನೆ 17ಸಿಯ ಪ್ರತಿ ಪಡೆಯದೆ ಅನುಭವಿ ಏಜೆಂಟ್ ಜಾಗ ಬಿಟ್ಟೇಳುವುದಿಲ್ಲ. ಎಣಿಕೆಯ ದಿನ ಹೊಂದಿಸಿ ನೋಡಲು ಅವನ ಬಳಿ ಇರುವ ಆಧಾರ ಅದು.

ಮೊಹರಿಗಿಂತ, ಕ್ಯಾಮೆರಾಗಿಂತ ಈ ವ್ಯವಸ್ಥೆ ನಿಂತಿರುವುದು ಮುಖಪರಿಚಯದ ಮೇಲೆ. ಏಜೆಂಟ್ ಊರಿನವನೇ ಆಗಿರುವುದರಿಂದ, ಇವನು ಇಂಥವರ ಮಗ ಅಲ್ಲ ಎಂದು ಹೇಳಬಲ್ಲ. ಅದೇ ಪರಿಚಯ ಹೆದರಿಕೆಯ ಮೂಲವೂ ಹೌದು: ಯಾರು ಬಂದರು, ಯಾರು ಬರಲಿಲ್ಲ ಎಂದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ಮತದಾರರಿಗೂ ಗೊತ್ತು. ಹೊಸಕೋಟೆಯಂಥ ಜಿದ್ದಾಜಿದ್ದಿಯ ಕ್ಷೇತ್ರದಲ್ಲಿ 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಮತದಾನ ಶೇ 90ರ ಆಸುಪಾಸು ನಡೆಯಿತು. ಅದರಲ್ಲಿ ಉತ್ಸಾಹದ ಪಾಲೆಷ್ಟು, ಬರದಿದ್ದರೆ ಕಣ್ಣಿಗೆ ಬೀಳುತ್ತೇವೆಂಬ ಅಳುಕಿನ ಪಾಲೆಷ್ಟು ಎಂದು ಅಂಕಿಅಂಶ ಹೇಳುವುದಿಲ್ಲ. ಚುನಾವಣೆಗೆ ಮುನ್ನ ಪೊಲೀಸರ ಪಥಸಂಚಲನ, ರೌಡಿಶೀಟರ್‌ಗಳಿಂದ ಮುಚ್ಚಳಿಕೆ, ಪರವಾನಗಿ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿಕೊಳ್ಳುವುದು ಎಲ್ಲೆಡೆಯಂತೆ ಇಲ್ಲೂ ವಾಡಿಕೆ.

ವಿಮಾನ ನಿಲ್ದಾಣ, ಕೈಗಾರಿಕಾ ಪ್ರದೇಶ, ಬಡಾವಣೆಗಳು ಬಂದ ಮೇಲೆ ಈ ಮುಖಪರಿಚಯ ಸಡಿಲವಾಗುತ್ತಿದೆ. ದೊಡ್ಡಬಳ್ಳಾಪುರದ ಮಗ್ಗದ ಕೇರಿಯಲ್ಲಿ ನಡೆಯುವ ಗುರುತು ಹಿಡಿಯುವಿಕೆ ದೇವನಹಳ್ಳಿಯ ಬಾಡಿಗೆ ಮನೆಗಳ ಸಾಲಿನಲ್ಲಿ ನಡೆಯದು. ಊರಲ್ಲೊಂದು, ಇಲ್ಲೊಂದು ಎಂದು ಎರಡು ಕಡೆ ಹೆಸರು ಉಳಿದುಹೋಗುವುದೂ ಸಾಮಾನ್ಯ. ಹಾಗಾಗಿ ಈಚಿನ ಆತಂಕವೆಲ್ಲ ಮತಗಟ್ಟೆಯಿಂದ ಮತದಾರರ ಪಟ್ಟಿಗೆ ವರ್ಗವಾಗಿದೆ. 2018ರ ಮೇನಲ್ಲಿ ಜಾಲಹಳ್ಳಿಯ ಫ್ಲ್ಯಾಟ್ ಒಂದರಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕು, ರಾಜರಾಜೇಶ್ವರಿನಗರದ ಮತದಾನ 12ರಿಂದ 28ಕ್ಕೆ ಮುಂದಕ್ಕೆ ಹೋಯಿತು. 2022ರಲ್ಲಿ ಬೆಂಗಳೂರಿನಲ್ಲಿ ಚಿಲುಮೆ ಎಂಬ ಸಂಸ್ಥೆಯವರು ಮತಗಟ್ಟೆ ಮಟ್ಟದ ಅಧಿಕಾರಿಗಳ (ಬಿಎಲ್‌ಒ) ವೇಷದಲ್ಲಿ ಮಾಹಿತಿ ಸಂಗ್ರಹಿಸಿದರೆಂಬ ಪ್ರಕರಣದಲ್ಲಿ ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಮಹದೇವಪುರ, ಚಿಕ್ಕಪೇಟೆ, ಶಿವಾಜಿನಗರ ಕ್ಷೇತ್ರಗಳ ಪಟ್ಟಿಯ ಮರುಪರಿಶೀಲನೆಗೆ ಆಯೋಗ ಆದೇಶಿಸಿತು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಬಂದ 6,018 ಅರ್ಜಿಗಳಲ್ಲಿ ಸರಿಯಾಗಿದ್ದವು 24 ಮಾತ್ರ.

ಹೊಸಕೋಟೆಗೆ ಅಂಟಿಕೊಂಡ ಮಹದೇವಪುರ 2025ರ ಆಗಸ್ಟ್‌ನಲ್ಲಿ ದೇಶದ ಸುದ್ದಿಯಾಯಿತು. ಹಿಂದಿನ ವರ್ಷದ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಕಲಿ ಮತಗಳಿದ್ದವೆಂದು ರಾಹುಲ್ ಗಾಂಧಿ ಆರೋಪಿಸಿದರು. ಪ್ರಮಾಣ ಮಾಡಿ ದೂರು ಕೊಡಿ ಎಂದು ಆಯೋಗ ಕೇಳಿತು, ಆರೋಪವನ್ನು ಅಲ್ಲಗಳೆಯಿತು. ಪಕ್ಕದ ಮಾಲೂರಿನದು ಎಣಿಕೆಯ ತಕರಾರು: 2023ರಲ್ಲಿ 248 ಮತಗಳಿಂದ ಬಂದ ಗೆಲುವನ್ನು ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿ ಮರುಎಣಿಕೆಗೆ ಹೇಳಿತು. ಮಾಲೂರಿನಲ್ಲಿ ತೀರ್ಪು ಬಂದಿತು, ಮಹದೇವಪುರದಲ್ಲಿ ಆರೋಪ ಆರೋಪವಾಗಿಯೇ ಇದೆ. ಊರ ಕಟ್ಟೆಯ ಮಾತಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ಗಾಳಿಸುದ್ದಿ ಎಷ್ಟು ದೂರ ಕೊಂಡೊಯ್ಯಬಹುದೆಂಬುದಕ್ಕೆ ವಿಜಯಪುರ ಜಿಲ್ಲೆಯ ಮಸಬಿನಾಳವಿದೆ. 2023ರ ಮೇ 10ರಂದು ಅಧಿಕಾರಿಗಳು ಕಾಯ್ದಿರಿಸಿದ ಯಂತ್ರಗಳನ್ನು ಕಾರಿನಲ್ಲಿ ಒಯ್ಯುತ್ತಿದ್ದುದನ್ನು ಕಂಡು, ಮತದಾನ ನಿಲ್ಲಿಸಿ ಯಂತ್ರ ಸಾಗಿಸುತ್ತಿದ್ದಾರೆಂದು ಊರವರು ಅವುಗಳನ್ನು ಒಡೆದುಹಾಕಿದರು. ಯಂತ್ರದ ಮೇಲಿನ ಅನುಮಾನದಿಂದಲೇ ಹುಟ್ಟಿದ, ಮತಪತ್ರಕ್ಕೆ ಮರಳಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಿರಸ್ಕರಿಸಿದ್ದು 2024ರ ಏಪ್ರಿಲ್ 26ರಂದು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಯಂತ್ರದ ಗುಂಡಿ ಒತ್ತುತ್ತಿದ್ದುದೂ ಅದೇ ದಿನ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸುವಂತೆ, ಮತದಾರರ ಪಟ್ಟಿಯನ್ನೂ ಪರಿಷ್ಕರಿಸುವಂತೆ ಶಿಫಾರಸು ಮಾಡಿತು. ಮತಪತ್ರ ಈ ಜಿಲ್ಲೆಯ ಹಳ್ಳಿಗಳಿಗೆ ಹೊಸತೇನಲ್ಲ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಬಿಟ್ಟು ಉಳಿದೆಲ್ಲ ಜಿಲ್ಲೆಗಳಂತೆ ಇಲ್ಲಿಯೂ ಓಟು ಬಿದ್ದದ್ದು ಪೆಟ್ಟಿಗೆಗೇ.