ಹೆಸರಾಂತ ವಿಶ್ವವಿದ್ಯಾಲಯಗಳ ಪದವೀಧರರು: ಹೆಮ್ಮೆ ಇದೆ, ತೃಪ್ತಿ ಇತ್ತೇ?

ಮಂಡ್ಯ: ಮಕ್ಕಳನ್ನು ಹೆಸರಾಂತ ವಿದ್ಯಾಸಂಸ್ಥೆಗೆ ಸೇರಿಸಬೇಕೆಂಬ ಹಂಬಲ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಹೊಸದಲ್ಲ. ಆದರೆ ಅಂಥ ಸಂಸ್ಥೆಗಳಲ್ಲಿ ಓದಿ ಹೊರಬಂದವರು ತಮ್ಮ ವಿದ್ಯಾರ್ಥಿ ಜೀವನದ ಬಗ್ಗೆ ಸಂತುಷ್ಟರಾಗಿದ್ದರೇ ಎಂದು ವಿಚಾರಿಸಿದವರು ಕಡಿಮೆ. ಸೀಟು ಸಿಕ್ಕಿತೇ, ನೌಕರಿ ಸಿಕ್ಕಿತೇ ಎಂಬಲ್ಲಿಗೆ ವಿಚಾರಣೆ ಮುಗಿದುಹೋಗುತ್ತದೆ.

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದುದು 1916ರಲ್ಲಿ. ಅಂದಿನಿಂದ ದಶಕಗಳ ಕಾಲ ಈ ಭಾಗದವರಿಗೆ ದೊಡ್ಡ ಓದು ಎಂದರೆ ಅಲ್ಲಿನ ಮಹಾರಾಜ ಕಾಲೇಜು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅಲ್ಲಿ ಪದವಿ ಪಡೆದು, ಮುಂದೆ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ತೆರಳಿದರು. 1928ರಲ್ಲಿ ಮಂಡ್ಯದಲ್ಲಿ ಜನಿಸಿದ ಕಾದಂಬರಿಗಾರ್ತಿ ತ್ರಿವೇಣಿ ಅದೇ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿ ಚಿನ್ನದ ಪದಕ ಗಳಿಸಿದರು. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಕಾದಂಬರಿಗಳಲ್ಲಿ ಆ ಓದಿನ ಫಲ ಎದ್ದುಕಾಣುತ್ತದೆ.

ಆ ಕಾಲದ ವಿದ್ಯಾರ್ಥಿಗಳ ಸಂತೋಷಕ್ಕೆ ಅಂಕಿ-ಅಂಶಗಳಿಲ್ಲ, ಘಟನೆಗಳಿವೆ. ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಬೋಧಿಸುತ್ತಿದ್ದ ಎಸ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ತಮಗೆ ಪಾಠ ಹೇಳಿದ ಟಿ.ಎಸ್. ವೆಂಕಣ್ಣಯ್ಯ ಅವರಿಗೆ. ಎರಡರಲ್ಲಿಯೂ ಕೃತಜ್ಞತೆ ಸಲ್ಲುವುದು ಗುರುವಿಗೆ, ಸಂಸ್ಥೆಯ ಹೆಸರಿಗಲ್ಲ. ನೆನಪು ಬರೆದಿಡುವವರು ಬಹುಪಾಲು ಗೆದ್ದವರೇ. ಅರ್ಧಕ್ಕೆ ಓದು ಬಿಟ್ಟು ಊರಿಗೆ ಮರಳಿದವರ ಮಾತು ಇಂಥ ದಾಖಲೆಗಳಲ್ಲಿ ಸಿಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಪದವೀಧರರಿಗೇ ಕೇಳಲಾಗಿದೆ. ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ 2014ರಲ್ಲಿ 30 ಸಾವಿರಕ್ಕೂ ಹೆಚ್ಚು ಪದವೀಧರರನ್ನು ಸಮೀಕ್ಷಿಸಿದವು. ಓದಿದ ಕಾಲೇಜು ಪ್ರತಿಷ್ಠಿತವೋ ಅಲ್ಲವೋ ಎಂಬುದರಿಂದ ಮುಂದಿನ ಬದುಕಿನ ನೆಮ್ಮದಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ತಮ್ಮ ಬಗ್ಗೆ ಕಾಳಜಿ ವಹಿಸಿದ, ಕಲಿಕೆಯಲ್ಲಿ ಉತ್ಸಾಹ ತುಂಬಿದ, ಕನಸುಗಳಿಗೆ ಬೆನ್ನೆಲುಬಾಗಿ ನಿಂತ ಅಧ್ಯಾಪಕರು ದೊರೆತವರು ವೃತ್ತಿಯಲ್ಲಿ ಮನಸ್ಸಿಟ್ಟು ದುಡಿಯುವ ಸಾಧ್ಯತೆ ಎರಡು ಪಟ್ಟಿಗೂ ಮಿಗಿಲಾಗಿತ್ತು. ಈ ಮೂರೂ ದೊರೆತವೆಂದು ಹೇಳಿದವರು ಶೇ 14 ಮಾತ್ರ. ಬ್ರಿಟನ್ನಿನಲ್ಲಿ 2005ರಿಂದ ಅಂತಿಮ ವರ್ಷದ ವಿದ್ಯಾರ್ಥಿಗಳ ತೃಪ್ತಿಯ ರಾಷ್ಟ್ರೀಯ ಸಮೀಕ್ಷೆ ನಡೆಯುತ್ತಿದೆ. ಇಂಥ ಅಂಶಗಳನ್ನೂ ಪರಿಗಣಿಸಿ 2017ರಲ್ಲಿ ಬೋಧನೆಯ ಗುಣಮಟ್ಟ ಅಳೆದಾಗ, ಜಗದ್ವಿಖ್ಯಾತ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಸಿಕ್ಕಿದ್ದು ಕಂಚಿನ ದರ್ಜೆ.

ನಮ್ಮಲ್ಲಿ ಸ್ಥಿತಿ ಬೇರೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಲ್ಲಿ ಮೊದಲ ಬಾರಿಗೆ ಪ್ರಕಟವಾದಾಗ ವಿಶ್ವವಿದ್ಯಾಲಯಗಳ ಪಟ್ಟಿಯ ಅಗ್ರಸ್ಥಾನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅದೇ ಸಂಸ್ಥೆಯಲ್ಲಿ 2021ರಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ ಪ್ರಕರಣಗಳು ವರದಿಯಾದವು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ಇಂಥ ಸಾವುಗಳ ಕಾರಣ ಅರಿಯಲು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ನೇತೃತ್ವದ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ಬೋಧನೆ, ಸಂಶೋಧನೆ, ತೇರ್ಗಡೆ ಇತ್ಯಾದಿಗಳಿಗೆ ರ‍್ಯಾಂಕಿಂಗ್‌ನಲ್ಲಿ ಅಂಕಗಳಿವೆ. ವಿದ್ಯಾರ್ಥಿಯ ನೆಮ್ಮದಿಗೆ ಪ್ರತ್ಯೇಕ ಅಂಕವಿಲ್ಲ.

ಈ ಜಿಲ್ಲೆಯ ಮಟ್ಟಿಗೆ ಇನ್ನೊಂದು ಸಂಗತಿಯಿದೆ. ಮಂಡ್ಯ, ಮದ್ದೂರು ಎರಡೂ ಬೆಂಗಳೂರು-ಮೈಸೂರು ರೈಲು ಮಾರ್ಗದಲ್ಲಿವೆ. ಪಾಸ್ ಮಾಡಿಸಿಕೊಂಡು ದಿನವೂ ಓಡಾಡುವ ವಿದ್ಯಾರ್ಥಿಗೆ ತರಗತಿ ದಕ್ಕಬಹುದು. ಸಂಜೆಯ ಗ್ರಂಥಾಲಯ, ಆಟದ ಮೈದಾನ, ಚರ್ಚಾಕೂಟಗಳು ದಕ್ಕುವುದು ಕಷ್ಟ. ರೈಲೇ ಇಲ್ಲದ ಮಳವಳ್ಳಿಯವರಿಗೆ ಬಸ್ಸು ಅಥವಾ ಹಾಸ್ಟೆಲ್. ಒಂದೇ ಕಾಲೇಜಿನ ಒಂದೇ ಪದವಿಯಾದರೂ ಅನುಭವ ಒಂದೇ ಆಗಿರುವುದಿಲ್ಲ.

ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಕ್ 2017ರ ಪರಿಷ್ಕೃತ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿದ್ದು ಒಳ್ಳೆಯ ಹೆಜ್ಜೆಯೇ. ಆದರೆ ಅದು ಪ್ರಶ್ನಿಸಿದ್ದು ಇನ್ನೂ ಓದುತ್ತಿರುವವರನ್ನು. ಹಳೆಯ ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟ ಭಾಗದಲ್ಲಿ ವಿಶ್ವವಿದ್ಯಾಲಯಗಳು ಕೊಡಬೇಕಿದ್ದ ಅಂಕಿ, ಐದು ವರ್ಷಗಳಲ್ಲಿ ಅವರಿಂದ ಬಂದ ದೇಣಿಗೆ ಎಷ್ಟು ಲಕ್ಷ ರೂಪಾಯಿ ಎಂಬುದು.