ತುಂಡಾದ ಪಾದ ಮತ್ತೆ ಕೂಡುವ ಬಗೆ: ಅರವತ್ತು ವರ್ಷಗಳ ವಿದ್ಯೆ, ಆರು ಗಂಟೆಗಳ ಅವಕಾಶ

ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗ, ಅರಕೇರಾ ಕಡೆಗೂ ತುಂಗಭದ್ರಾ ಎಡದಂಡೆಯ ನೀರು ಮಾನ್ವಿ ಕಡೆಗೂ ಹರಿದ ಮೇಲೆ ರಾಯಚೂರು ಸೀಮೆಯ ಒಕ್ಕಲುತನವೇ ಬದಲಾಯಿತು. ಭತ್ತ, ಹತ್ತಿ, ಮೆಣಸಿನಕಾಯಿಯ ಜೊತೆಗೆ ರೊಟವೇಟರ್, ಹಾರ್ವೆಸ್ಟರ್, ರಾಶಿ ಮಷಿನ್‌ಗಳೂ ಹೊಲಕ್ಕಿಳಿದವು. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಅವುಗಳ ಪಕ್ಕದಲ್ಲಿ ದುಡಿಯುವವರ ಪಾದ ಕಣ್ಣು ಮಿಟುಕಿಸುವುದರೊಳಗೆ ಸಿಕ್ಕಿಕೊಳ್ಳಬಹುದು. ಬೈಕಿನಲ್ಲಿ ಕೂತ ಮಗುವಿನ ಹಿಮ್ಮಡಿ ಚಕ್ರದ ಕಡ್ಡಿಗೆ ಸಿಕ್ಕು ಕಿತ್ತುಬರುವುದೂ ಉಂಟು. ಹಾಗೆ ಬೇರ್ಪಟ್ಟ ಭಾಗವನ್ನು ಮತ್ತೆ ಜೋಡಿಸಿ ಜೀವ ತುಂಬುವ ವಿದ್ಯೆ ಜಗತ್ತಿನಲ್ಲಿ ಅರವತ್ತು ವರ್ಷಗಳಿಂದ ಇದೆ. ಅದು ಬೆಳೆದು ಬಂದ ದಾರಿಯನ್ನೂ ನಮ್ಮ ಭಾಗಕ್ಕೆ ಅದು ಇನ್ನೂ ದೂರವೇ ಉಳಿದ ಕಾರಣವನ್ನೂ ಇಲ್ಲಿ ನೋಡೋಣ.

ನಾಳ ಹೊಲಿಯಲು ಕಲಿತದ್ದು

ಕತ್ತರಿಸಿದ ಅಂಗ ಸಾಯುವುದು ರಕ್ತ ನಿಂತದ್ದರಿಂದ. ಮೂಳೆಗೆ ಕಂಬಿ ಹಾಕಿ, ಚರ್ಮ ಹೊಲಿದು ಬಿಟ್ಟರೆ ಅದು ಬದುಕದು. ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್ 1902ರಲ್ಲಿ ರಕ್ತನಾಳದ ಎರಡು ತುದಿಗಳನ್ನು ಸೇರಿಸುವ ವಿಧಾನವನ್ನು ಪ್ರಕಟಿಸಿದರು. ದುಂಡನೆಯ ನಾಳಕ್ಕೆ ಮೂರು ಕಡೆ ಹೊಲಿಗೆ ಹಾಕಿ ಎಳೆದು ಹಿಡಿದು, ತ್ರಿಕೋನವಾಗಿಸಿ, ಒಂದೊಂದೇ ಬದಿಯನ್ನು ಹೊಲಿಯುವುದು ಅವರ ಕ್ರಮ. 1912ರಲ್ಲಿ ಅವರಿಗೆ ನೊಬೆಲ್ ಬಂತು. 1916ರಲ್ಲಿ ಕಂಡುಹಿಡಿದ ಹೆಪಾರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ದಾರಿ ತೋರಿತು.

ಮನುಷ್ಯನ ಅಂಗವೊಂದು ಪೂರ್ತಿ ತುಂಡಾಗಿ ಮತ್ತೆ ಕೂಡಿದ್ದು 1962ರ ಮೇ ತಿಂಗಳಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಗೂಡ್ಸ್ ರೈಲಿನ ಅವಘಡದಲ್ಲಿ ತೋಳು ಕಳೆದುಕೊಂಡ 12 ವರ್ಷದ ಹುಡುಗನಿಗೆ ರೊನಾಲ್ಡ್ ಮಾಲ್ಟ್ ಅವರ ತಂಡ ಅದನ್ನು ಜೋಡಿಸಿತು. ಮರುವರ್ಷ ಶಾಂಘೈನಲ್ಲಿ ಚೆನ್ ಝೊಂಗ್‌ವೇ ಕಾರ್ಮಿಕನೊಬ್ಬನ ಕೈ ಕೂಡಿಸಿದರು. ಇಲ್ಲೆಲ್ಲ ಹೊಲಿದದ್ದು ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ನಾಳಗಳನ್ನು.

ಸೂಕ್ಷ್ಮದರ್ಶಕ ಬಂದ ಮೇಲೆ

ಬೆರಳು, ಪಾದದ ನಾಳಗಳ ಅಗಲ ಒಂದೆರಡು ಮಿಲಿಮೀಟರ್ ಅಷ್ಟೆ. ಕಿವಿಯ ಶಸ್ತ್ರಚಿಕಿತ್ಸೆಯಲ್ಲಿ 1921ರಿಂದಲೇ ಬಳಕೆಗೆ ಬಂದಿದ್ದ ಸೂಕ್ಷ್ಮದರ್ಶಕವನ್ನು 1960ರಲ್ಲಿ ಜೂಲಿಯಸ್ ಜೇಕಬ್‌ಸನ್ ಮತ್ತು ಎರ್ನೆಸ್ಟೊ ಸುವಾರೆಸ್ ಇಂಥ ಸಣ್ಣ ನಾಳಗಳ ಹೊಲಿಗೆಗೆ ತಂದರು. ಮೈಕ್ರೋಸರ್ಜರಿಯ ಆರಂಭ ಅಲ್ಲಿಂದ. 1965ರ ಜುಲೈನಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯ್ ಪೂರ್ತಿ ತುಂಡಾದ ಹೆಬ್ಬೆರಳನ್ನು ಕೂಡಿಸಿದಾಗ ಈ ವಿದ್ಯೆಯ ಶಕ್ತಿ ಜಗತ್ತಿಗೆ ತಿಳಿಯಿತು.

ಇಲ್ಲಿ ಬಳಸುವ ನೈಲಾನ್ ದಾರ ತಲೆಗೂದಲಿಗಿಂತ ತೆಳು. ಒಂದು ಮಿಲಿಮೀಟರ್ ನಾಳದ ಸುತ್ತ ಆರರಿಂದ ಎಂಟು ಹೊಲಿಗೆ ಬೀಳಬೇಕು. ಸೂಜಿ ಎದುರಿನ ಗೋಡೆಗೆ ತಗುಲಿದರೆ ನಾಳ ಮುಚ್ಚಿಹೋಗುತ್ತದೆ. ಜಜ್ಜಿಹೋದ ತುದಿಯನ್ನು ಆರೋಗ್ಯವಂತ ಒಳಪದರ ಕಾಣುವವರೆಗೂ ಕತ್ತರಿಸಬೇಕು. ಆಗ ಉಳಿಯುವ ಅಂತರಕ್ಕೆ ರೋಗಿಯದೇ ಅಭಿಧಮನಿಯ ತುಂಡನ್ನು ತಂದು ಕೂಡಿಸುತ್ತಾರೆ. ಹೊಲಿಗೆ ಮುಗಿದು, ರಕ್ತ ತಡೆದಿದ್ದ ಕ್ಲಿಪ್ ತೆಗೆದಾಗ ಬಿಳಿಚಿದ್ದ ಚರ್ಮ ನಿಧಾನಕ್ಕೆ ಕೆಂಪೇರುತ್ತದೆ. ಒಳಬಂದ ರಕ್ತ ಹಿಂದಿರುಗಲು ದಾರಿ ಸಿಗದಿದ್ದರೆ ಅದೇ ಭಾಗ ನೀಲಿಗಟ್ಟುತ್ತದೆ. ಅಂಥಲ್ಲಿ ಜಿಗಣೆ ಹಚ್ಚಿ ಕಟ್ಟಿದ ರಕ್ತ ಹೀರಿಸುವುದುಂಟು. ಸುಶ್ರುತ ಸಂಹಿತೆಯಲ್ಲಿ ಒಂದು ಅಧ್ಯಾಯವನ್ನೇ ಪಡೆದಿರುವ ಈ ಜಿಗಣೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ವೈದ್ಯಕೀಯ ಬಳಕೆಗೆ ಒಪ್ಪಿಗೆ ಕೊಟ್ಟಿತು.

ಪಾದದ ಪ್ರಶ್ನೆಯೇ ಬೇರೆ

ಕೈಯಷ್ಟು ಬೇಗ ವೈದ್ಯರು ಪಾದದ ಮರುಜೋಡಣೆಗೆ ಮುಂದಾಗಲಿಲ್ಲ. ಕೈಗೆ ಸಮನಾದ ಕೃತಕ ಅಂಗವಿಲ್ಲ, ಮೊಣಕಾಲಿನ ಕೆಳಗೆ ಕೃತಕ ಕಾಲು ಚೆನ್ನಾಗಿಯೇ ಕೆಲಸ ಮಾಡುತ್ತದೆ. 1960ರ ದಶಕದ ಕೊನೆಗೆ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲು, ಕುಕ್ಕರಗಾಲಲ್ಲಿ ಕೂರುವ, ಬರಿಗಾಲಲ್ಲಿ ಹೊಲದಲ್ಲಿ ನಡೆಯುವ ನಮ್ಮವರಿಗೆ ಹೇಳಿ ಮಾಡಿಸಿದಂಥದ್ದು.

ಎರಡನೆಯ ತೊಡಕು ಸ್ಪರ್ಶಜ್ಞಾನದ್ದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್, ಅವರ ಪಾದದ ಹುಣ್ಣುಗಳಿಗೆ ನೋವು ತಿಳಿಯದಿರುವುದೇ ಮುಖ್ಯ ಕಾರಣವೆಂದು ತೋರಿಸಿಕೊಟ್ಟರು. ಕೂಡಿಸಿದ ಪಾದಕ್ಕೂ ಇದೇ ಅಪಾಯ. ಮುಳ್ಳು ಚುಚ್ಚಿದ್ದು ಗೊತ್ತಾಗದ ಅಂಗಾಲು ಮತ್ತೆ ಮತ್ತೆ ಹುಣ್ಣಾಗುತ್ತದೆ. ಆದ್ದರಿಂದ ನರವನ್ನೂ ಅಷ್ಟೇ ಜೋಪಾನವಾಗಿ ಕೂಡಿಸಬೇಕು. ಅದು ತಿಂಗಳುಗಟ್ಟಲೆ ಬೆಳೆದು ಅಂಗಾಲನ್ನು ತಲುಪಬೇಕು. ಮಕ್ಕಳಲ್ಲಿ ಈ ಬೆಳವಣಿಗೆ ಚೆನ್ನಾಗಿರುವುದರಿಂದ ಅವರ ಪಾದ ಉಳಿಸಲು ವೈದ್ಯರು ಹೆಚ್ಚು ಯತ್ನಿಸುತ್ತಾರೆ.

ಹಿಮ್ಮಡಿಯದಂತೂ ಬೇರೆಯೇ ಲೆಕ್ಕ. ಅಲ್ಲಿನ ಕೊಬ್ಬು ಜೇನುಹುಟ್ಟಿನ ಕೋಶಗಳಂತೆ ಗಟ್ಟಿ ನಾರಿನ ಗೂಡುಗಳಲ್ಲಿ ಕೂತು ಮೈಭಾರ ಹೊರುತ್ತದೆ. ತೊಡೆಯಿಂದಲೋ ಬೆನ್ನಿನಿಂದಲೋ ತಂದ ಚರ್ಮಕ್ಕೆ ಆ ಗುಣವಿಲ್ಲ. ಕಿತ್ತುಬಂದ ಹಿಮ್ಮಡಿಯನ್ನೇ ನಾಳ ಹೊಲಿದು ಕೂರಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗದಿದ್ದರೆ, ದೇಹದ ಬೇರೆಡೆಯ ಚರ್ಮವನ್ನು ನಾಳ ಸಮೇತ ತಂದು ಜೋಡಿಸುವ ದಾರಿಯಿದೆ. ಮೆಲ್ಬರ್ನ್‌ನಲ್ಲಿ ಡೇನಿಯಲ್ ಮತ್ತು ಟೇಲರ್ 1973ರಲ್ಲಿ ಇದನ್ನು ಕಾಲಿನ ಗಾಯಕ್ಕೆ ಮಾಡಿ ತೋರಿಸಿದರು. ಇಂಥ ಗಾಯವನ್ನು 72 ಗಂಟೆಯೊಳಗೆ ಮುಚ್ಚಿದರೆ ಫಲ ಉತ್ತಮವೆಂದು ಮಾರ್ಕೊ ಗೊಡಿನಾ ಅವರ 1986ರ ಬರಹ ಸಾಧಿಸಿತು.

ಉಳಿಸುವುದೋ ಕತ್ತರಿಸುವುದೋ ಎಂಬ ಚರ್ಚೆಗೆ 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಕಾಲಿಗೆ ತೀವ್ರ ಗಾಯವಾದ 569 ಜನರಲ್ಲಿ ಎರಡು ವರ್ಷಗಳ ನಂತರ, ಕಾಲು ಉಳಿಸಿಕೊಂಡವರು ಮತ್ತು ಕತ್ತರಿಸಿಕೊಂಡವರು ಎಂಬ ಎರಡೂ ಗುಂಪಿನವರ ಬದುಕಿನ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗಾಗಿ ಎಲ್ಲಕ್ಕೂ ಒಂದೇ ಉತ್ತರವಿಲ್ಲ: ಹರಿತವಾಗಿ ಕತ್ತರಿಸಿದ ಪಾದಕ್ಕೆ ಒಂದು ನಿರ್ಧಾರ, ಮಷಿನ್‌ನಲ್ಲಿ ಅರೆದುಹೋದದ್ದಕ್ಕೆ ಇನ್ನೊಂದು ನಿರ್ಧಾರ. ಜೋಡಿಸಲಾಗದು ಎಂದು ವೈದ್ಯರು ಹೇಳಿದರೆ ಅದು ಕೈಚೆಲ್ಲಿದ ಮಾತಲ್ಲ.

ನಮ್ಮ ದಾರಿ, ನಮ್ಮ ಗಂಟೆಗಳು

ದಕ್ಷಿಣ ಭಾರತದಲ್ಲಿ ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆ ಕೈ ಶಸ್ತ್ರಚಿಕಿತ್ಸೆಗೆ ಹೆಸರಾಯಿತು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಡಾ. ಎಸ್. ರಾಜಾ ಸಭಾಪತಿ ಅವರ ತಂಡ ಮರುಜೋಡಣೆಯಲ್ಲಿ ಜಗತ್ತೇ ಗುರುತಿಸುವ ಕೆಲಸ ಮಾಡಿತು. ರಾಯಚೂರಿಗೆ 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಬಂತು. 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ಆದರೆ ಹಗಲು ರಾತ್ರಿ ಸನ್ನದ್ಧವಾಗಿರುವ ಮೈಕ್ರೋಸರ್ಜರಿ ತಂಡಗಳು ಹೆಚ್ಚಾಗಿ ಹೈದರಾಬಾದ್, ಬೆಂಗಳೂರಿನಂಥ ಮಹಾನಗರಗಳಲ್ಲಿವೆ.

ಸ್ನಾಯು ಇರುವ ಭಾಗ ಬಿಸಿಲಿನಲ್ಲಿ ಹಾಗೇ ಬಿದ್ದಿದ್ದರೆ ಸುಮಾರು ಆರು ಗಂಟೆಯಲ್ಲಿ ಕೆಡುತ್ತದೆ. ತಂಪಾಗಿಟ್ಟರೆ ಹತ್ತು ಹನ್ನೆರಡು ಗಂಟೆ ತಾಳುತ್ತದೆ. ಅರಕೇರಾದಿಂದ ರಾಯಚೂರು ಮುಟ್ಟಿ, ಅಲ್ಲಿ ರಕ್ತಸ್ರಾವ ನಿಲ್ಲಿಸಿ, ಸುಮಾರು 200 ಕಿ.ಮೀ. ದೂರದ ಹೈದರಾಬಾದಿಗೆ ಹೋಗುವಷ್ಟರಲ್ಲಿ ಆ ಆರು ಗಂಟೆ ಕಳೆದೇ ಹೋಗುತ್ತದೆ. ಹಾಗಾಗಿ ಪಾದದ ಹಣೆಬರಹ ನಿರ್ಧಾರವಾಗುವುದು ಮೊದಲು ಹೊಲದಲ್ಲೇ.

ಗಾಯದ ಮೇಲೆ ಶುಭ್ರ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಕಟ್ಟಿ, ಕಾಲನ್ನು ಎತ್ತರಿಸಬೇಕು. ಅರಿಶಿನ, ಕಾಫಿಪುಡಿ, ಸುಣ್ಣ ಹಚ್ಚಬಾರದು. ತುಂಡಾದ ಭಾಗವನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಬೇಕು. ಆ ಕವರನ್ನು ನೀರು, ಐಸು ತುಂಬಿದ ಇನ್ನೊಂದು ಕವರಿನೊಳಗೆ ಇಡಬೇಕು. ಐಸು ನೇರವಾಗಿ ಮಾಂಸಕ್ಕೆ ತಾಗಿದರೆ ಅದು ಹೆಪ್ಪುಗಟ್ಟಿ ಕೆಡುತ್ತದೆ. ಚರ್ಮದ ಎಳೆಯಲ್ಲಿ ನೇತಾಡುತ್ತಿದ್ದರೆ ಕತ್ತರಿಸಬಾರದು. ಗಾಯಾಳುವಿಗೆ ತಿನ್ನಲು, ಕುಡಿಯಲು ಕೊಡಬಾರದು. ಹೊರಡುವಾಗಲೇ ಮುಂದಿನ ಆಸ್ಪತ್ರೆಗೆ ಫೋನು ಮಾಡಿಸಬೇಕು.

ಇಷ್ಟನ್ನು ರಾಶಿ ಮಷಿನ್ ಬಾಡಿಗೆಗೆ ಕೊಡುವವರೂ ಆಶಾ ಕಾರ್ಯಕರ್ತೆಯರೂ ಪ್ರೌಢಶಾಲೆಯ ಮಕ್ಕಳೂ ತಿಳಿದಿರಬೇಕು, ಗ್ರಾಮ ಪಂಚಾಯಿತಿಗಳು ಸುಗ್ಗಿಗೆ ಮೊದಲೇ ತಿಳಿಸಬೇಕು. ಆದರೆ ಐಸಿನಿಂದ ಸಿಗುವ ಹೆಚ್ಚುವರಿ ಗಂಟೆಗಳೂ ದಾರಿಯಲ್ಲೇ ಕರಗಬಾರದು. 2022ರ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ಧರಣಿ ಕೂತು ವರ್ಷಗಟ್ಟಲೆ ಹೋರಾಡಿದ ಜಿಲ್ಲೆ ಇದು. ತರಬೇತಾದ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ನರ್ಸ್‌ಗಳು, ಒಂದು ಒಳ್ಳೆಯ ಸೂಕ್ಷ್ಮದರ್ಶಕ ಇಪ್ಪತ್ನಾಲ್ಕು ಗಂಟೆಯೂ ಲಭ್ಯವಿರುವ ಘಟಕ ರಾಯಚೂರಿನಲ್ಲೇ ಇರಬೇಕೆಂಬುದು ಆ ಬೇಡಿಕೆಯ ಪಟ್ಟಿಗೆ ಹೆಸರು ಹಿಡಿದು ಸೇರಬೇಕು. ಯಂತ್ರ ಕೊಳ್ಳಲು ಸಹಾಯಧನ ಕೊಡುವ ಸರ್ಕಾರಕ್ಕೆ ಆ ಯಂತ್ರದಿಂದ ಗಾಯವಾದವರ ಪಾದ ಉಳಿಸುವ ಹೊಣೆಯೂ ಇದೆ.