ಕೈ ಎತ್ತಿದ ಗೃಹಿಣಿಯರು

ಅಂಗನವಾಡಿ ಕಾರ್ಯಕರ್ತೆಯರಿಗೆ ಪೌಷ್ಟಿಕಾಹಾರದ ತರಬೇತಿ ಕೊಡುವ ನನಗೆ ಅಮೆರಿಕದ ಅಯೋವಾದಲ್ಲಿ ನಡೆದ ಈ ಪ್ರಯೋಗ ಬಹಳ ಮುಖ್ಯ. ಎರಡನೇ ಮಹಾಯುದ್ಧದ ಕಾಲ. ಮಾಂಸ ಸೈನಿಕರಿಗೆ ಬೇಕಿತ್ತು. ಮನೆಗಳಲ್ಲಿ ಗುಂಡಿಗೆ, ಮೂತ್ರಪಿಂಡ ಬೇಯಿಸಲಿ ಎಂದು ಸರ್ಕಾರದ ಆಸೆ. ಜನರಿಗೋ ಹೇಸಿಗೆ.

ಜರ್ಮನಿಯಿಂದ ವಲಸೆ ಬಂದಿದ್ದ ಮನೋವಿಜ್ಞಾನಿ ಕರ್ಟ್ ಲೆವಿನ್ ಮೊದಲು ಕೇಳಿದ್ದು, ಊಟದ ಮೇಜಿಗೆ ಏನು ಬರಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂದು. ಗೃಹಿಣಿಯೇ ಆ ದ್ವಾರಪಾಲಕಿ. ರೆಡ್‌ಕ್ರಾಸ್ ಸ್ವಯಂಸೇವಕಿಯರ ಆರು ಗುಂಪು ಮಾಡಿದರು. ಮೂರಕ್ಕೆ ಚೆಂದದ ಉಪನ್ಯಾಸ: ವಿಟಮಿನ್, ಉಳಿತಾಯ, ದೇಶಸೇವೆ. ಉಳಿದ ಮೂರರಲ್ಲಿ ಹೆಂಗಸರೇ ಮಾತಾಡಿದರು. ಗಂಡ ಮುಖ ಸಿಂಡರಿಸಿದರೆ? ಬೇಯುವಾಗಿನ ವಾಸನೆಗೆ ಏನು ಮಾಡುವುದು? ಕೊನೆಗೆ, ಈ ವಾರ ಮಾಡಿನೋಡುವವರು ಕೈ ಎತ್ತಿ ಎಂದರು. ಎರಡೂ ಕಡೆ ಸಿಕ್ಕಿದ ಸಮಯ 45 ನಿಮಿಷ.

ಉಪನ್ಯಾಸ ಕೇಳಿದವರಲ್ಲಿ ಹೊಸದಾಗಿ ಬೇಯಿಸಿದವರು ಶೇ. 3, ಚರ್ಚಿಸಿ ನಿರ್ಧರಿಸಿದವರಲ್ಲಿ ಶೇ. 32. ಗುಂಪುಗಳು ಚಿಕ್ಕವು, ನಿಜ. ಆದರೂ ಭಾಷಣವನ್ನೇ ನೆಚ್ಚಿಕೊಂಡ ನಮ್ಮ ತರಬೇತಿಗಳಿಗೆ ಈ ಅಂತರ ಕಣ್ಣು ತೆರೆಸಬೇಕು. ಆಮೇಲೆ ಬಾಣಂತಿಯರಲ್ಲೂ ಇದನ್ನೇ ಪರೀಕ್ಷಿಸಿದರು. ಮಗುವಿಗೆ ಕಿತ್ತಳೆ ರಸ, ಮೀನೆಣ್ಣೆ ಕೊಡುವ ವಿಷಯವನ್ನು ತಜ್ಞರು ಒಬ್ಬೊಬ್ಬರಿಗೇ ಬಿಡಿಸಿ ಹೇಳಿದ್ದಕ್ಕಿಂತ, ಆರಾರು ತಾಯಂದಿರು ಒಟ್ಟಿಗೆ ಕೂತು ನಿರ್ಧರಿಸಿದಾಗಲೇ ಹೆಚ್ಚು ಮನೆಗಳಲ್ಲಿ ಅದು ಜಾರಿಯಾಯಿತು.